ಒಂದು ಜನರೇಟರ್, ಹಲವು ಭಾಷೆ: ಪರೀಕ್ಷೆಯ ಬಗೆಗಿನ ತಪ್ಪು ಕಲ್ಪನೆಗಳು

ದತ್ತಾಂಶದ ರಚನೆಯನ್ನು ತಿಳಿಸುವ ಒಂದೇ ವಿವರಣಾ ಕಡತವನ್ನು ಓದಿ, ಅದಕ್ಕೆ ತಕ್ಕ ಲೈಬ್ರರಿಯನ್ನು ಜಾವಾ, ಪೈಥಾನ್, ಗೋ, ಸ್ವಿಫ್ಟ್ ಮೊದಲಾದ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ತಾನಾಗಿಯೇ ಬರೆದುಕೊಡುವ ತಂತ್ರಾಂಶಕ್ಕೆ ಕೋಡ್ ಜನರೇಟರ್ ಎಂದು ಹೆಸರು. ಗೂಗಲ್ ಸಂಸ್ಥೆ 2008ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರತಂದ ಪ್ರೋಟೋಕಾಲ್ ಬಫರ್ಸ್ ಮತ್ತು ಫೇಸ್‌ಬುಕ್‌ನಲ್ಲಿ ಹುಟ್ಟಿ ಮುಂದೆ ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಬಂದ ಥ್ರಿಫ್ಟ್ ಈ ಬಗೆಯ ಹೆಸರಾಂತ ಸಾಧನಗಳು. ಇವುಗಳ ಪರೀಕ್ಷೆಯ ವಿಷಯದಲ್ಲಿ ಅನುಭವಿ ಎಂಜಿನಿಯರುಗಳ ನಡುವೆಯೂ ಕೆಲವು ನಂಬಿಕೆಗಳು ಬೇರೂರಿದ್ದು, ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಹೆಸರುಗಳನ್ನಷ್ಟೇ ಪರೀಕ್ಷೆಗೆ ಒಡ್ಡುವವರೆಗೆ ನಿಜವೆಂದೇ ತೋರುತ್ತವೆ. ಶಿವಮೊಗ್ಗ ಜಿಲ್ಲೆಯ ಊರುಗಳ ಮಳೆ ದಾಖಲೆಗೆಂದು ಬರೆದ ಒಂದು ವಿವರಣಾ ಕಡತವನ್ನು ಕಲ್ಪಿಸಿಕೊಂಡು, ಅದರ ಮೊದಲನೆಯ ಕ್ಷೇತ್ರ ಊರಿನ ಹೆಸರು, ಎರಡನೆಯದು ಮಿಲಿಮೀಟರುಗಳಲ್ಲಿ ಅಳೆದ ಮಳೆ ಎಂದು ಇಟ್ಟುಕೊಂಡರೆ ಈ ನಂಬಿಕೆಗಳ ಗಟ್ಟಿತನವನ್ನು ಒರೆಹಚ್ಚಿ ನೋಡಬಹುದು.

ತಪ್ಪು ಕಲ್ಪನೆ: ಹುಟ್ಟಿದ ಕೋಡ್ ಕಂಪೈಲ್ ಆದರೆ ಜನರೇಟರ್ ಸರಿಯಾಗಿದೆ.

ಕಂಪೈಲರ್ ನೋಡುವುದು ವ್ಯಾಕರಣವನ್ನೂ ದತ್ತಾಂಶದ ಬಗೆಗಳನ್ನೂ ಮಾತ್ರ. ಕೋಡ್ ಮಾಡುವ ಕೆಲಸ ಸರಿಯೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಪೈಥಾನ್‌ನಂಥ ಭಾಷೆಗಳಲ್ಲಿ ಬಗೆಗಳ ಪೂರ್ವಪರಿಶೀಲನೆ ಕಡ್ಡಾಯವಲ್ಲದ್ದರಿಂದ ಈ ಅಲ್ಪ ಭರವಸೆಯೂ ಉಳಿಯುವುದಿಲ್ಲ. ಇದಕ್ಕೆ ಒಡಹುಟ್ಟಿದ ಇನ್ನೊಂದು ನಂಬಿಕೆಯೆಂದರೆ, ಹಿಂದೊಮ್ಮೆ ಹುಟ್ಟಿದ ಕೋಡನ್ನು ಮಾದರಿ ಕಡತವಾಗಿ ಕಾಪಿಟ್ಟು, ಪ್ರತಿ ಬದಲಾವಣೆಯ ನಂತರ ಹೊಸ ಕೋಡನ್ನು ಅದರೊಡನೆ ಸಾಲುಸಾಲಾಗಿ ಹೋಲಿಸಿದರೆ ಸಾಕು ಎಂಬುದು. ಇಂಥ ಹೋಲಿಕೆ ಬದಲಾವಣೆಯನ್ನು ಹಿಡಿಯುತ್ತದೆಯೇ ಹೊರತು ದೋಷವನ್ನಲ್ಲ. ಮಾದರಿಯಲ್ಲೇ ತಪ್ಪಿದ್ದರೆ ಆ ತಪ್ಪನ್ನು ತಿದ್ದಿದ ದಿನವೇ ಪರೀಕ್ಷೆ ಸೋಲುತ್ತದೆ.

ತಪ್ಪು ಕಲ್ಪನೆ: ವಿವರಣಾ ಕಡತ ಒಂದೇ ಆದ್ದರಿಂದ ಒಂದು ಭಾಷೆಯಲ್ಲಿ ಗೆದ್ದ ಪರೀಕ್ಷೆ ಎಲ್ಲ ಭಾಷೆಗಳಲ್ಲೂ ಗೆದ್ದಂತೆ.

ಸಾಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಆನಂದಪುರದ ಹೆಸರನ್ನು ಕನ್ನಡದಲ್ಲಿ ಬರೆದು, ಅದರ ಉದ್ದವೆಷ್ಟು ಎಂದು ವಿವಿಧ ಭಾಷೆಗಳನ್ನು ಕೇಳಿದರೆ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಅನುಸ್ವಾರ ಮತ್ತು ಉಕಾರದ ಚಿಹ್ನೆಗಳನ್ನು ಬೇರೆಬೇರೆಯಾಗಿ ಎಣಿಸುವ ಯೂನಿಕೋಡ್‌ನ ಲೆಕ್ಕದಲ್ಲಿ ಈ ಹೆಸರಿಗೆ 7 ಸಂಕೇತಗಳಿದ್ದು, ಜಾವಾ ಮತ್ತು ಪೈಥಾನ್ 7 ಎನ್ನುತ್ತವೆ. ಯುಟಿಎಫ್-8 ಎಂಬ ಶೇಖರಣಾ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟುಗಳು ಬೇಕಾಗುವುದರಿಂದ, ಬೈಟುಗಳನ್ನೇ ಎಣಿಸುವ ಗೋ ಮತ್ತು ರಸ್ಟ್ 21 ಎನ್ನುತ್ತವೆ. ಓದುಗನ ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸುವ ಸ್ವಿಫ್ಟ್ 5 ಎನ್ನುತ್ತದೆ. ಮೂರೂ ಅವುಗಳ ಮಟ್ಟಿಗೆ ಸರಿಯೇ.

ಪ್ರೋಟೋಕಾಲ್ ಬಫರ್ಸ್‌ನ ಬೈಟ್ ರೂಪದಲ್ಲಿ ಮೊದಲನೆಯ ಕ್ಷೇತ್ರದ ಪಠ್ಯವನ್ನು ಬರೆಯುವಾಗ ಕ್ಷೇತ್ರದ ಗುರುತಾಗಿ 10, ಬಳಿಕ ಪಠ್ಯದ ಬೈಟುಗಳ ಸಂಖ್ಯೆಯಾಗಿ 21, ಅನಂತರ ‘ಆ’ ಅಕ್ಷರದ 224, 178, 134 ಎಂಬ ಮೂರು ಬೈಟುಗಳು, ಹೀಗೆ ಒಟ್ಟು 23 ಬೈಟುಗಳು ಸಾಲುಗೊಳ್ಳುತ್ತವೆ. ಜಾವಾ ಕೋಡನ್ನು ಹುಟ್ಟಿಸುವ ಭಾಗವನ್ನು ಬರೆದವರು ಬೈಟುಗಳ ಬದಲು ಸಂಕೇತಗಳನ್ನು ಎಣಿಸಿ 21ರ ಜಾಗದಲ್ಲಿ 7 ಎಂದು ಬರೆಸಿದರೆಂದು ಭಾವಿಸಿದಾಗ, ಅದನ್ನು ಪಡೆದ ಗೋ ಲೈಬ್ರರಿ ‘ಆ’ ಮತ್ತು ‘ನ’ ಅಕ್ಷರಗಳ ಆರು ಬೈಟುಗಳನ್ನೂ ಅನುಸ್ವಾರದ ಮೊದಲ ಬೈಟನ್ನೂ ಹೆಸರೆಂದು ತೆಗೆದುಕೊಂಡು, ಮಿಕ್ಕ 14 ಬೈಟುಗಳನ್ನು ಹೊಸ ಕ್ಷೇತ್ರಗಳೆಂದು ಓದಲು ಹೊರಟು ಮುಗ್ಗರಿಸುತ್ತದೆ. ಅದೇ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ 10 ಅಕ್ಷರಗಳಿಗೆ 10 ಬೈಟುಗಳೇ ಆಗುವುದರಿಂದ ದೋಷ ಹೊರಬೀಳುವುದೇ ಇಲ್ಲ. ಪರೀಕ್ಷಾ ದತ್ತಾಂಶದಲ್ಲಿ ಕನ್ನಡವನ್ನು ಸೇರಿಸುವುದನ್ನು ಭಾಷಾಭಿಮಾನದ ಅಲಂಕಾರವೆಂದು ಬಗೆಯುವವರು ಈ 10 ಮತ್ತು 21ರ ಅಂತರವನ್ನು ಗಮನಿಸಿದವರಲ್ಲ.

ಹೊಸನಗರದ ಹೆಸರು ಇನ್ನೂ ಸೂಕ್ಷ್ಮವಾದ ತೊಡಕನ್ನು ತರುತ್ತದೆ. ‘ಹೊ’ ಅಕ್ಷರದಲ್ಲಿರುವ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ಒಪ್ಪುತ್ತದೆ, ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣಬೇಕು. ಆದರೆ ಮೊದಲನೆಯ ಬರಹಕ್ಕೆ 18 ಬೈಟುಗಳಾದರೆ ಎರಡನೆಯದಕ್ಕೆ 21. ಜಾವಾ, ಪೈಥಾನ್ ಮತ್ತು ಗೋ ಇವೆರಡನ್ನು ಬೇರೆ ಪಠ್ಯಗಳೆಂದು ಕಾಣುತ್ತವೆ, ಸ್ವಿಫ್ಟ್ ಒಂದೇ ಎಂದು ಕಾಣುತ್ತದೆ. ಹೀಗಾಗಿ ಊರಿನ ಹೆಸರನ್ನೇ ಕೀಲಿಯಾಗಿಸಿ ಮಳೆಯ ಪಟ್ಟಿ ಮಾಡಿದರೆ ಜಾವಾದಲ್ಲಿ ಎರಡು ನಮೂದುಗಳಿರುವಲ್ಲಿ ಸ್ವಿಫ್ಟ್‌ನ ಡಿಕ್ಷನರಿಯಲ್ಲಿ ಒಂದೇ ಉಳಿಯುತ್ತದೆ. ಇದು ಜನರೇಟರಿನ ದೋಷವೇ, ಭಾಷೆಯ ಸ್ವಭಾವವೇ ಎಂಬುದನ್ನು ತೀರ್ಮಾನಿಸಿ ಬರೆದಿಡದ ಹೊರತು ಪರೀಕ್ಷೆ ಯಾವ ಉತ್ತರವನ್ನು ನಿರೀಕ್ಷಿಸಬೇಕೆಂದು ಹೇಳಲಾಗುವುದಿಲ್ಲ.

ತಪ್ಪು ಕಲ್ಪನೆ: ಬರೆದದ್ದನ್ನು ಮರಳಿ ಓದಿದಾಗ ಅದೇ ಮೌಲ್ಯ ಬಂದರೆ ಪರೀಕ್ಷೆ ಪೂರ್ಣವಾಯಿತು.

ಮೇಲಿನ ಜಾವಾ ದೋಷವನ್ನೇ ಮತ್ತೆ ನೋಡಿದರೆ, ಓದುವ ಭಾಗವೂ ಅದೇ ತಪ್ಪು ತಿಳಿವಳಿಕೆಯಿಂದ 7 ಬೈಟುಗಳ ಬದಲು 7 ಸಂಕೇತಗಳನ್ನು ಓದುವಂತಿದ್ದಲ್ಲಿ ಆನಂದಪುರ ಆನಂದಪುರವಾಗಿಯೇ ಹಿಂದಿರುಗುತ್ತದೆ. ಸುಳ್ಳು ತೂಕದ ಕಲ್ಲಿನಿಂದ ಅಡಿಕೆ ಕೊಂಡು ಅದೇ ಕಲ್ಲಿನಿಂದ ಮಾರಿದವನ ಲೆಕ್ಕ ತಾಳೆಯಾಗುವಂತೆ, ಒಂದೇ ಭಾಷೆಯೊಳಗಿನ ಇಂಥ ಸುತ್ತು ಪರೀಕ್ಷೆಯಲ್ಲಿ ಎರಡು ತಪ್ಪುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಪ್ರತಿ ಭಾಷೆ ಬರೆದದ್ದನ್ನು ಪ್ರತಿ ಭಾಷೆಯಿಂದ ಓದಿಸುವುದು ಒಂದು ಪರಿಹಾರವಾದರೂ ಹತ್ತು ಭಾಷೆಗಳಿಗೆ 100 ಜೋಡಿಗಳಾಗುತ್ತವೆ. ಪ್ರೋಟೋಕಾಲ್ ಬಫರ್ಸ್‌ನ ಹೊಂದಾಣಿಕೆ ಪರೀಕ್ಷಾ ವ್ಯವಸ್ಥೆ ಬೇರೆ ದಾರಿ ಹಿಡಿದಿದೆ: ನಡುವೆ ನಿಂತ ಒಂದೇ ಪರೀಕ್ಷಕ ತಂತ್ರಾಂಶವು ಆಯಾ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಒಂದನ್ನು ನಡೆಸಿ, ಅದಕ್ಕೆ ಮೊದಲೇ ನಿಗದಿಯಾದ ಸಂದೇಶವನ್ನು ಕೊಟ್ಟು, ಬೈಟ್ ರೂಪದಲ್ಲಾಗಲಿ ಜೇಸನ್ ಎಂಬ ಪಠ್ಯರೂಪದಲ್ಲಾಗಲಿ ಮರಳಿ ಬರೆಯಲು ಹೇಳಿ, ಬಂದ ಉತ್ತರವನ್ನು ತಾನು ಬಲ್ಲ ಸರಿ ಉತ್ತರದೊಡನೆ ಹೋಲಿಸುತ್ತದೆ.

ಈ ಹೋಲಿಕೆಯೂ ಬೈಟಿಗೆ ಬೈಟ್ ಸರಿಹೊಂದಬೇಕೆಂದು ಹಲವರು ಭಾವಿಸುತ್ತಾರೆ. ಕೀಲಿಗಳುಳ್ಳ ಪಟ್ಟಿಯೊಳಗಿನ ನಮೂದುಗಳ ಕ್ರಮದಂಥ ಸಂಗತಿಗಳನ್ನು ನಿಯಮಾವಳಿ ಬಿಗಿಮಾಡಿಲ್ಲವಾದ್ದರಿಂದ ಎರಡು ಭಾಷೆಗಳು ಬೇರೆಬೇರೆ ಬೈಟುಗಳನ್ನು ಬರೆದೂ ಎರಡೂ ಸರಿಯಾಗಿರಬಹುದು. ಹೋಲಿಸಬೇಕಾದದ್ದು ಬಿಡಿಸಿ ಓದಿದ ನಂತರದ ಅರ್ಥವನ್ನು.

ತಪ್ಪು ಕಲ್ಪನೆ: ಸಂಖ್ಯೆಗಳಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯಲ್ಲಿ 9007199254740992ರ ನಂತರದ ಪೂರ್ಣಾಂಕವನ್ನು ನಿಖರವಾಗಿ ಹಿಡಿದಿಡಲಾಗದ ಕಾರಣ, 64 ಬಿಟ್‌ಗಳ ಪೂರ್ಣಾಂಕಗಳನ್ನು ಜೇಸನ್ ರೂಪದಲ್ಲಿ ಉದ್ಧರಣ ಚಿಹ್ನೆಗಳೊಳಗಿನ ಪಠ್ಯವಾಗಿ ಬರೆಯಬೇಕೆಂದು ಪ್ರೋಟೋಕಾಲ್ ಬಫರ್ಸ್ ವಿಧಿಸುತ್ತದೆ. ಸೊನ್ನೆಯ ಕಥೆ ಇದಕ್ಕಿಂತ ಮುಖ್ಯವಾದದ್ದು. ಪ್ರೋಟೋಕಾಲ್ ಬಫರ್ಸ್‌ನ ಮೂರನೆಯ ಆವೃತ್ತಿಯ ಸಾಮಾನ್ಯ ಸಂಖ್ಯಾ ಕ್ಷೇತ್ರದಲ್ಲಿ ಮೌಲ್ಯ 0 ಆಗಿದ್ದರೆ ಆ ಕ್ಷೇತ್ರವನ್ನು ಬರೆಯುವುದೇ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಬೇಸಗೆಯ ಒಂದು ದಿನ ಮಳೆ ಬೀಳಲಿಲ್ಲವೆಂಬುದಕ್ಕೂ, ಅಂದು ಮಾಪಕವನ್ನು ಯಾರೂ ನೋಡಲೇ ಇಲ್ಲವೆಂಬುದಕ್ಕೂ ದಾಖಲೆಯಲ್ಲಿ ವ್ಯತ್ಯಾಸ ಉಳಿಯಬೇಕಾದರೆ, ಆ ಕ್ಷೇತ್ರವನ್ನು ಐಚ್ಛಿಕವೆಂದು ವಿವರಣಾ ಕಡತದಲ್ಲಿ ಗುರುತಿಸಬೇಕು; ಹಾಗೆ ಗುರುತಿಸಿದಾಗ ಬರೆದ 0 ಮತ್ತು ಬರೆಯದೆ ಬಿಟ್ಟದ್ದು ಎಲ್ಲ ಭಾಷೆಗಳಲ್ಲೂ ಬೇರೆಯಾಗಿಯೇ ಹೊರಬರುತ್ತವೆಯೇ ಎಂದು ಪರೀಕ್ಷಿಸಬೇಕು.

ತಪ್ಪು ಕಲ್ಪನೆ: ಸೋಲುವ ಪರೀಕ್ಷೆಗಳಿರುವ ಲೈಬ್ರರಿ ಬಿಡುಗಡೆಗೆ ಅರ್ಹವಲ್ಲ.

ಹಲವು ಭಾಷೆಗಳ ಲೈಬ್ರರಿಗಳು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಪ್ರೋಟೋಕಾಲ್ ಬಫರ್ಸ್ ಯೋಜನೆಯಲ್ಲಿ ಭಾಷೆಗೊಂದರಂತೆ ಸೋಲುಗಳ ಪಟ್ಟಿಯನ್ನು ಬಹಿರಂಗವಾಗಿ ಇಡಲಾಗುತ್ತದೆ. ಪಟ್ಟಿಯಲ್ಲಿರುವ ಪರೀಕ್ಷೆ ಸೋತರೆ ಅದು ನಿರೀಕ್ಷಿತ, ಪಟ್ಟಿಯಲ್ಲಿಲ್ಲದ್ದು ಸೋತರೆ ಹೊಸ ದೋಷ. ಪಟ್ಟಿಯಲ್ಲಿರುವ ಪರೀಕ್ಷೆ ಅನಿರೀಕ್ಷಿತವಾಗಿ ಗೆದ್ದರೂ ಪರೀಕ್ಷಕ ತಂತ್ರಾಂಶ ಅದನ್ನು ಸುಮ್ಮನೆ ಬಿಡದೆ ಎತ್ತಿ ತೋರಿಸಿ, ಆ ಹೆಸರನ್ನು ಪಟ್ಟಿಯಿಂದ ತೆಗೆಯುವವರೆಗೆ ಒಟ್ಟು ಫಲಿತಾಂಶವನ್ನು ಸೋಲೆಂದೇ ಪರಿಗಣಿಸುತ್ತದೆ.