ಗಿಡದ ಒಳಗಿನ ಕಾವಲು

ಮಳೆಗಾಲದಲ್ಲಿ ರೊಟ್ಟಿ ನಾಲ್ಕು ದಿನ ಇಟ್ಟರೆ ಏನಾಗುತ್ತೆ? ಮೇಲೆ ಬೂಷ್ಟು ಬರುತ್ತೆ. ಉಪ್ಪಿನಕಾಯಿಗೆ ನೀರು ಸೇರಿದರೂ ಬೂಷ್ಟು. ಪುಸ್ತಕದಲ್ಲಿ ಇದನ್ನು ಶಿಲೀಂಧ್ರ ಎನ್ನುತ್ತಾರೆ. ಬಾಯಿ ತಿರುಗದಿದ್ದರೆ ಬೂಷ್ಟು ಎಂದೇ ಓದಿ. ನಾವು ತಿನ್ನುವ ಅಣಬೆಯೂ ಇದೇ ಕುಲ.

ಸಾರಕ್ಕಿಯ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಮನೆ ತಾರಸಿ ಮೇಲೆ ಟೊಮೇಟೊ ಬೀಜ ಹಾಕಿದ್ದರು. ಸಸಿ ಬೆರಳುದ್ದ ಬಂತು. ಆಮೇಲೆ ಬುಡ ಕೊಳೆತು ಒಂದೊಂದೇ ಬಿದ್ದುಹೋಯಿತು. "ಯಾರದೋ ಕಣ್ಣು ಬಿತ್ತು ಮೇಡಂ" ಅಂದರು. ಕಣ್ಣಲ್ಲ ಅಕ್ಕ. ಸಸಿಯ ಬುಡ ಕೊಳೆಸುವುದು ಮಣ್ಣಿನಲ್ಲಿರುವ ಬೂಷ್ಟು ಮತ್ತು ಅದರಂಥ ಜೀವಿಗಳು. ನೀರು ಹೆಚ್ಚಾದರೆ ಅವಕ್ಕೆ ಹಬ್ಬ.

ನಮ್ಮಲ್ಲಿ ಹಲವರ ತವರು ಕನಕಪುರ, ಮಾಗಡಿ, ಕೋಲಾರದ ಕಡೆ. ರಾಗಿಗೆ ಬರುವ ಬೆಂಕಿ ರೋಗ ನಿಮಗೆ ಗೊತ್ತು. ತೆನೆಯ ಕುತ್ತಿಗೆ ಕಪ್ಪಾಗುತ್ತೆ, ಕಾಳು ಜೊಳ್ಳಾಗುತ್ತೆ. ವರ್ಷದ ಹಿಟ್ಟೇ ಹೋದಂತೆ. ಅದೂ ಒಂದು ಬೂಷ್ಟಿನ ಕೆಲಸ.

ಹಾಗಾದರೆ ಬೂಷ್ಟೆಲ್ಲಾ ಕೆಟ್ಟದ್ದೇ? ಅಲ್ಲ. ಕೆಲವು ಬೂಷ್ಟು ಗಿಡದ ಒಳಗೇ ವಾಸ ಮಾಡುತ್ತವೆ. ಬೇರಿನಲ್ಲಿ, ಕಾಂಡದಲ್ಲಿ, ಎಲೆಯಲ್ಲಿ. ಕೂದಲಿಗಿಂತ ಸಣ್ಣ ಎಳೆ. ನಮ್ಮ ಕಣ್ಣಿಗೆ ಕಾಣದು. ಗಿಡಕ್ಕೆ ರೋಗವೂ ಬಾರದು. ಗಿಡ ಇವಕ್ಕೆ ಊಟ ಕೊಡುತ್ತೆ. ಇವುಗಳಲ್ಲಿ ಕೆಲವು ಗಿಡವನ್ನು ಕಾಯುತ್ತವೆ. ಬಾಡಿಗೆಗೆ ಬಂದವರು ಮನೆ ಕಾದ ಹಾಗೆ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ರಾಗಿಯೇ. ಕೆನಡಾ ದೇಶದ ಗುವೆಲ್ಫ್ ವಿಶ್ವವಿದ್ಯಾಲಯದವರು ರಾಗಿ ಗಿಡದ ಒಳಗೆ ಒಂದು ಬೂಷ್ಟನ್ನು ಕಂಡರು. ಮೆಕ್ಕೆಜೋಳ, ಗೋಧಿಗೆ ರೋಗ ತರುವ ಇನ್ನೊಂದು ಬೂಷ್ಟಿನ ಪಕ್ಕ ಅದನ್ನು ಬೆಳೆಸಿ ನೋಡಿದರು. ರಾಗಿಯ ಬೂಷ್ಟು ಕೆಲವು ರಸ ಬಿಟ್ಟು ವೈರಿಯನ್ನು ತಡೆಯಿತು. ಇದನ್ನು 2015ರಲ್ಲಿ ಪ್ರಕಟಿಸಿದರು. ಮರುವರ್ಷ ಅವರೇ ಇನ್ನೊಂದು ಸಂಗತಿ ಹೇಳಿದರು. ರಾಗಿ ಬೇರಿನಲ್ಲಿ ಒಂದು ಬ್ಯಾಕ್ಟೀರಿಯಾ ಇದೆ. ಇದು ಬೂಷ್ಟಲ್ಲ, ಇನ್ನೂ ಚಿಕ್ಕ ಜೀವಿ. ವೈರಿ ಬಂದರೆ ಇವು ಬೇರಿನ ರೋಮಗಳ ನಡುವೆ ಒತ್ತಾಗಿ ಸೇರಿ ಬೇಲಿ ಕಟ್ಟುತ್ತವೆ. ನಾವು ದಿನಾ ಮುದ್ದೆ ಉಣ್ಣುತ್ತೇವೆ. ಇಷ್ಟೆಲ್ಲ ನಡೆಯುವುದು ನಮಗೇ ಗೊತ್ತಿರಲಿಲ್ಲ!

ಆ ಬೂಷ್ಟು ಅಂಗಡಿಯಲ್ಲಿ ಸಿಗದು. ಆದರೆ ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟು ಪುಡಿಯಾಗಿ ಸಿಗುತ್ತೆ. ಹಳ್ಳಿಯಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಇದು ಮಣ್ಣಿನಲ್ಲಿ ವೈರಿ ಬೂಷ್ಟಿನ ಎಳೆಗೆ ಸುತ್ತಿಕೊಂಡು ಅದನ್ನೇ ತಿನ್ನುತ್ತೆ. ಬೇರಿನ ಹೊರಪದರಕ್ಕೂ ಹೋಗಿ ಸೇರುತ್ತೆ. ಗಿಡ ಎಚ್ಚೆತ್ತು ರೋಗ ತಡೆಯಲು ಸಿದ್ಧವಾಗುತ್ತೆ.

ಒಂದು ಕಿಲೋ ಬಿತ್ತನೆ ಬೀಜಕ್ಕೆ 4 ಗ್ರಾಂ ಪುಡಿ ಸಾಕು. ಮಣ್ಣಿಗಾದರೆ ಹೀಗೆ ಮಾಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10 ಕಿಲೋ, ಪುಡಿ 100 ಗ್ರಾಂ ಬೆರೆಸಿ. ಸ್ವಲ್ಪ ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿಚೀಲ ಮುಚ್ಚಿಡಿ. ಒಂದು ವಾರ, ಹತ್ತು ದಿನ ಬಿಟ್ಟು ಗಿಡಕ್ಕೆ ಹಾಕಿ. ಇದು ಜೀವ ಇರುವ ಪುಡಿ. ಬಿಸಿಲಿಗಿಟ್ಟರೆ ಸಾಯುತ್ತೆ. ಬೂಷ್ಟು ಕೊಲ್ಲುವ ರಾಸಾಯನಿಕದ ಜೊತೆ ಬೆರೆಸಿದರೂ ಸಾಯುತ್ತೆ. ಆಗ ದುಡ್ಡು ದಂಡ. ಪೊಟ್ಟಣದ ಮೇಲಿನ ತಾರೀಕು ಓದಿಯೇ ಕೊಳ್ಳಿ. ಈಗ ನಿಮಗೆ ಓದಲು ಬರುತ್ತಲ್ಲ! ಬೆರೆಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿ. ಕೈ ತೊಳೆಯಿರಿ. ಪುಡಿ ಹಚ್ಚಿದ ಬೀಜ ಮಕ್ಕಳ ಕೈಗೆ ಸಿಗಬಾರದು.

ತಾರಸಿಯ ಅಕ್ಕ ಎರಡನೇ ಸಲ ಹೀಗೆ ಮಾಡಿದರು. ನೀರನ್ನೂ ಕಡಿಮೆ ಹಾಕಿದರು. ಹತ್ತು ಸಸಿಯಲ್ಲಿ ಎರಡು ಸತ್ತವು, ಎಂಟು ಉಳಿದವು. ಪುಡಿಯಿಂದ ಉಳಿದವೋ, ನೀರು ತಗ್ಗಿಸಿದ್ದಕ್ಕೆ ಉಳಿದವೋ? ಎರಡೂ ಇರಬಹುದು ಅಂತ ನಾವಂದೆವು. "ಏನಾದರೂ ಆಗಲಿ, ಸಾರಿಗೆ ಹಣ್ಣು ಬಂತಲ್ಲ" ಅಂದರು ಅವರು.