ನೀಹಾರಿಕೆಯ ಕೆಂಪು ಯಾರೂ ಬಳಿದ ಬಣ್ಣವಲ್ಲ

ತಿಪಟೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ. ಗೋಡೆಯ ಮೇಲೆ ಮದುವೆ, ನಾಮಕರಣದ ಚಿತ್ರಗಳ ನಡುವೆ ಒಂದು ನೀಹಾರಿಕೆಯ ಚಿತ್ರವನ್ನೂ ತೂಗುಹಾಕಿದ್ದೇನೆ. ಪಾಸ್‌ಪೋರ್ಟ್ ಫೋಟೊಗೆಂದು ಬಂದವರು ಅದನ್ನು ನೋಡಿ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: "ಇದು ಕಂಪ್ಯೂಟ್ರಲ್ಲಿ ಮಾಡಿದ್ದಾ ಅಣ್ಣ?"

ಅವರು ಹಾಗೆ ಕೇಳುವುದು ಸಹಜವೇ. ಮದುಮಗಳ ಮುಖದ ಕಲೆ ತೆಗೆಯುವುದು, ಮಂಕು ಕವಿದ ದಿನ ತೆಗೆದ ಚಿತ್ರಕ್ಕೆ ನೀಲಿ ಆಕಾಶ ಕೂರಿಸುವುದು ನನ್ನ ದಿನನಿತ್ಯದ ಕೆಲಸ. ಗಿರಾಕಿ ಕೇಳಿದ್ದನ್ನು ಕೊಡುತ್ತೇನೆ. ಆದರೆ ಆ ನೀಹಾರಿಕೆಯ ಚಿತ್ರದಲ್ಲಿ ನಾನು ಕೂರಿಸಿದ್ದು ಏನೂ ಇಲ್ಲ. ಅದರ ಒಂದೊಂದು ಎಳೆಯೂ ಆಕಾಶದಿಂದ ಇಳಿದು ಬಂದ ಬೆಳಕೇ. ಕಂಪ್ಯೂಟರಿನಲ್ಲಿ ಮಾಡಿದ ಕೆಲಸ ಬೇಕಾದಷ್ಟಿದೆ ನಿಜ, ಆದರೆ ಆ ಕೆಲಸದ ಜಾತಿಯೇ ಬೇರೆ.

ಚಿತ್ರದಲ್ಲಿರುವುದು ಓರಿಯನ್ ನೀಹಾರಿಕೆ, ಖಗೋಳಾಸಕ್ತರ ಬಾಯಲ್ಲಿ ಎಂ 42. ಓರಿಯನ್ ಎಂದರೆ ನಮ್ಮ ಮಹಾವ್ಯಾಧ. ಮಳೆಯ ಲೆಕ್ಕ ಹಾಕುವ ರೈತರಿಗೆ ಹೆಸರು ಗೊತ್ತಿರುವ ಮೃಗಶಿರಾ, ಆರಿದ್ರಾ ನಕ್ಷತ್ರಗಳು ಇರುವುದು ಇವನಲ್ಲೇ. ಜೂನ್‌ನಲ್ಲಿ ಆ ಮಳೆಗಳು ಸುರಿಯುವಾಗ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ, ಹಾಗಾಗಿ ನಕ್ಷತ್ರಗಳು ಕಾಣುವುದಿಲ್ಲ. ಮಹಾವ್ಯಾಧ ರಾತ್ರಿಯ ಆಕಾಶಕ್ಕೆ ಚೆನ್ನಾಗಿ ಏರಿ ಬರುವುದು ರಾಗಿ ಕೊಯ್ಲು ಮುಗಿದು ಹೊಲ ಬಯಲಾದ ಮೇಲೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಸಾಲಾಗಿ ನಿಂತ ಮೂರು ನಕ್ಷತ್ರಗಳು ಅವನ ನಡುಪಟ್ಟಿ. ಅದಕ್ಕೆ ದಕ್ಷಿಣದಲ್ಲಿ ಕತ್ತಿಯಂತೆ ಇಳಿಬಿದ್ದ ಚಿಕ್ಕ ಸಾಲಿನ ನಡುವೆ ಒಂದು ಚುಕ್ಕೆ ಮಸುಕಾಗಿದೆ. ಅದೇ ನೀಹಾರಿಕೆ. ನಮ್ಮಿಂದ ಸುಮಾರು 1,340 ಜ್ಯೋತಿರ್ವರ್ಷ ದೂರ, ಅಡ್ಡಗಲ ಸುಮಾರು 24 ಜ್ಯೋತಿರ್ವರ್ಷ. ಈ ವರ್ಷ ನನ್ನ ಕ್ಯಾಮೆರಾಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಇಲ್ಲಿ ಬಾದಾಮಿ ಚಾಲುಕ್ಯರು ಆಳುತ್ತಿದ್ದರು.

ಇನ್ನು ಬಣ್ಣದ ವಿಷಯ. ಆ ಅನಿಲದ ರಾಶಿಯ ನಡುವೆ ಟ್ರಪೀಜಿಯಂ ಎಂಬ ಎಳೆಯ ನಕ್ಷತ್ರಗಳ ಗುಂಪಿದೆ. ಅದರಲ್ಲಿ ಅತಿ ಬಿಸಿಯಾದ ನಕ್ಷತ್ರದ ನೇರಳಾತೀತ ಕಿರಣ ಸುತ್ತಲಿನ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತದೆ. ಅವು ಮತ್ತೆ ಬಂದು ಸೇರುವಾಗ 656.3 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕು ಹೊಮ್ಮುತ್ತದೆ. ಚಿತ್ರದ ಕೆಂಪು ಅದೇ. ನಡುವಿನ ಹಸಿರು ನೀಲಿ ಛಾಯೆ ಆಮ್ಲಜನಕದ್ದು, 500.7 ನ್ಯಾನೋಮೀಟರ್. ಈ ಹಸಿರು ವಿಜ್ಞಾನಿಗಳನ್ನು ಬಹಳ ಕಾಲ ಕಾಡಿತು. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಬಿಡಿಸಿ ನೋಡಿದಾಗ ಭೂಮಿಯ ಯಾವ ಧಾತುವಿಗೂ ಹೊಂದದ ಹಸಿರು ಗೆರೆ ಕಂಡಿತು. ಹೊಸ ಧಾತುವೇ ಇರಬೇಕೆಂದು ಅದಕ್ಕೆ ನೆಬ್ಯುಲಿಯಂ ಎಂಬ ಹೆಸರೂ ಬಂತು. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಎಂದು 1927ರಲ್ಲಿ ಅಮೆರಿಕದ ಐರಾ ಬೋವೆನ್ ತೋರಿಸಿಕೊಟ್ಟರು. ದಟ್ಟವಾದ ಅನಿಲದಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಲೇ ಇರುವುದರಿಂದ ಈ ಬೆಳಕು ಹೊಮ್ಮಲು ಅವಕಾಶವೇ ಸಿಗುವುದಿಲ್ಲ. ಅಲ್ಲಿನ ಅನಿಲ ಅಷ್ಟು ವಿರಳವಾಗಿರುವುದರಿಂದಲೇ ಅದು ಸಾಧ್ಯ.

ಹಾಗಾದರೆ ದೂರದರ್ಶಕದಲ್ಲಿ ಕಣ್ಣಿಟ್ಟಾಗ ಬೂದಿ ಬಣ್ಣದ ಹೊಗೆ ಮಾತ್ರ ಯಾಕೆ ಕಾಣುತ್ತದೆ? ಮಬ್ಬಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ಗುರುತಿಸುವ ಶಕ್ತಿ ಇಲ್ಲ. ಕಣ್ಣು ಬೆಳಕನ್ನು ಕೂಡಿಡುವುದೂ ಇಲ್ಲ, ಕ್ಯಾಮೆರಾ ಕೂಡಿಡುತ್ತದೆ. ಅಲ್ಲಿಂದಲೇ ನಮ್ಮ ಕೆಲಸ ಶುರು.

ತೆಂಗಿನ ತೋಟದಲ್ಲಿ ಆಕಾಶವೇ ಕಾಣದು, ಹಾಗಾಗಿ ಊರಾಚೆ ಕೊಯ್ಲಾದ ಹೊಲಕ್ಕೆ ಹೋಗುತ್ತೇನೆ. ಅಮಾವಾಸ್ಯೆಯ ಹಿಂದುಮುಂದಿನ ದಿನಗಳೇ ಆಗಬೇಕು. ಮದುವೆಗೆ ಒಯ್ಯುವ ಕ್ಯಾಮೆರಾ, 135 ಎಂಎಂ ಲೆನ್ಸು, ಟ್ರೈಪಾಡಿನ ಮೇಲೆ ಟ್ರ್ಯಾಕರ್ ಎಂಬ ಸಣ್ಣ ಮೋಟಾರು. ಭೂಮಿ ತಿರುಗುವುದರಿಂದ ಒಂದು ನಿಮಿಷಕ್ಕೆ ಮಹಾವ್ಯಾಧ ಚಂದ್ರನ ಅರ್ಧ ಅಗಲದಷ್ಟು ಸರಿದುಬಿಡುತ್ತಾನೆ. ಆ ಚಲನೆಗೆ ಸರಿಯಾಗಿ ಟ್ರ್ಯಾಕರ್ ಕ್ಯಾಮೆರಾವನ್ನು ತಿರುಗಿಸುತ್ತದೆ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಬೇಕು. ಯುರೋಪಿನವರಿಗೆ ಧ್ರುವ ಆಕಾಶದಲ್ಲಿ ಸಾಕಷ್ಟು ಎತ್ತರದಲ್ಲೇ ಸಿಗುತ್ತದೆ, ನಮಗೆ ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಉತ್ತರಕ್ಕೊಂದು ಮರವಿದ್ದರೂ ಮರೆಯಾಗುತ್ತದೆ. ಅದಕ್ಕೇ ಜಾಗ ಹುಡುಕುವಾಗ ನಾನು ಮೊದಲು ನೋಡುವುದು ಉತ್ತರ ದಿಕ್ಕನ್ನು.

ಲುಬ್ಧಕ ನಕ್ಷತ್ರವನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ, ಅದು ಸೂಜಿಮೊನೆಯಷ್ಟಾಗುವವರೆಗೆ ಫೋಕಸ್ ತಿರುಗಿಸುತ್ತೇನೆ. ಆಮೇಲೆ ಆ ರಿಂಗಿಗೆ ಟೇಪ್ ಅಂಟಿಸಿಬಿಡುತ್ತೇನೆ. ಚಳಿಗಾಲದ ಇಬ್ಬನಿ ಲೆನ್ಸಿನ ಮೇಲೆ ಕೂರದಂತೆ ಪವರ್ ಬ್ಯಾಂಕಿನಿಂದ ಬಿಸಿಯಾಗುವ ಪಟ್ಟಿಯೊಂದನ್ನು ಸುತ್ತಿರುತ್ತೇನೆ. ಒಂದೊಂದು ನಿಮಿಷದ ಚಿತ್ರಗಳು, ನೂರಿಪ್ಪತ್ತು. ನೀಹಾರಿಕೆಯ ನಡುಭಾಗ ಎಷ್ಟು ಪ್ರಖರವೆಂದರೆ ಒಂದು ನಿಮಿಷದಲ್ಲಿ ಸುಟ್ಟು ಬೆಳ್ಳಗಾಗುತ್ತದೆ. ಅದಕ್ಕಾಗಿ ಎರಡು, ಐದು ಸೆಕೆಂಡಿನ ಚಿತ್ರಗಳನ್ನೂ ಬೇರೆ ತೆಗೆಯುತ್ತೇನೆ. ಹೊರಡುವ ಮೊದಲು ಲೆನ್ಸಿನ ಮುಚ್ಚಳ ಹಾಕಿ ಅದೇ ಚಳಿಯಲ್ಲಿ ಅಷ್ಟೇ ಹೊತ್ತಿನ ಕಪ್ಪು ಚಿತ್ರಗಳನ್ನು ತೆಗೆಯಬೇಕು. ಇವು ಡಾರ್ಕ್ ಫ್ರೇಮ್. ಸೆನ್ಸರ್ ತಾನಾಗಿ ಹುಟ್ಟಿಸುವ ಹುಸಿ ಬೆಳಕು ಎಷ್ಟೆಂದು ಅವು ಹೇಳುತ್ತವೆ. ಬೆಳಕು ಹರಿದ ಮೇಲೆ ಲೆನ್ಸಿಗೆ ಬಿಳಿ ಪಂಚೆ ಕಟ್ಟಿ ಆಕಾಶದ ಕಡೆ ತೆಗೆಯುವುದು ಫ್ಲ್ಯಾಟ್ ಫ್ರೇಮ್. ಲೆನ್ಸಿನ ಅಂಚಿನ ಕತ್ತಲೆ, ಧೂಳಿನ ನೆರಳು ಅದರಲ್ಲಿ ಸಿಕ್ಕಿಬೀಳುತ್ತವೆ.

ಈಗ ಕಂಪ್ಯೂಟರು. ನಾನು ಬಳಸುವುದು ಸಿರಿಲ್ ಎಂಬ ಉಚಿತ ತಂತ್ರಾಂಶ. ಅದು ಒಂದೊಂದು ಚಿತ್ರದಿಂದಲೂ ಹುಸಿ ಬೆಳಕನ್ನು ಕಳೆದು, ಧೂಳಿನ ನೆರಳನ್ನು ಸರಿಪಡಿಸಿ, ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಹೊಂದಿಸಿ ಎಲ್ಲದರ ಸರಾಸರಿ ತೆಗೆಯುತ್ತದೆ. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ಕಲ್ಯಾಣ ಮಂಟಪದ ಗದ್ದಲದಲ್ಲಿ ಒಬ್ಬರು ಒಂದೇ ಮಾತನ್ನು ನೂರು ಸಲ ಹೇಳಿದರೆ ಗದ್ದಲ ಪ್ರತಿಸಲ ಬೇರೆಯಾದರೂ ಮಾತು ಮಾತ್ರ ಅದೇ ಇರುತ್ತದಲ್ಲ, ಹಾಗೆ. ನೂರು ಚಿತ್ರ ಕೂಡಿಸಿದರೆ ಬೆಳಕಿಗೆ ಹೋಲಿಸಿದಾಗ ಗದ್ದಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹೀಗೆ ಕೂಡಿಸಿ ಬಂದ ಚಿತ್ರ ತೆರೆದರೆ ಪರದೆ ಕಪ್ಪೋ ಕಪ್ಪು. ನೀಹಾರಿಕೆಯ ಬೆಳಕೆಲ್ಲ ಕತ್ತಲೆಗೆ ಅಂಟಿಕೊಂಡ ತೆಳು ಪದರದಲ್ಲಿ ಅಡಗಿರುತ್ತದೆ. ಆ ಪದರವನ್ನು ಹಿಗ್ಗಿಸುವುದೇ ಸ್ಟ್ರೆಚ್. ಮೊದಲು ಪಟ್ಟಣದ ದೀಪಗಳು ಆಕಾಶಕ್ಕೆ ಬಳಿದ ಕಂದು ಮಬ್ಬನ್ನು ಅಳೆದು ಕಳೆಯಬೇಕು. ಆಮೇಲೆ ಬಣ್ಣದ ಹೊಂದಾಣಿಕೆ. ಮದುವೆ ಆಲ್ಬಮ್ಮಿನಲ್ಲಿ ಬಣ್ಣ ನನ್ನ ಕಣ್ಣಿನ ತೀರ್ಮಾನ. ಇಲ್ಲಿ ನನ್ನ ಕಣ್ಣನ್ನು ನಂಬುವುದಿಲ್ಲ. ಚಿತ್ರದಲ್ಲಿರುವ ನಕ್ಷತ್ರಗಳನ್ನು ಗುರುತಿಸಿ, ಗಯಾ ಉಪಗ್ರಹ ಅಳೆದ ಅವುಗಳ ನಿಜವಾದ ಬಣ್ಣಕ್ಕೆ ತಂತ್ರಾಂಶವೇ ಚಿತ್ರವನ್ನು ಹೊಂದಿಸುತ್ತದೆ. ಇಷ್ಟಾದ ಮೇಲೂ ಕೆಂಪು ಇರಬೇಕಾದ್ದಕ್ಕಿಂತ ಕಡಿಮೆಯೇ. ಮನುಷ್ಯರ ಚರ್ಮದ ಬಣ್ಣ ಸಹಜವಾಗಿ ಕಾಣಲೆಂದು ಸಾಮಾನ್ಯ ಕ್ಯಾಮೆರಾದ ಸೆನ್ಸರಿನ ಮುಂದೆ ಇಡುವ ಫಿಲ್ಟರು ಹೈಡ್ರೋಜನ್ನಿನ ಆ ಕೆಂಪನ್ನು ಬಹುಪಾಲು ತಡೆಯುತ್ತದೆ. ಅಂದರೆ ಜನ ಜಾಸ್ತಿಯಾಯಿತೆಂದು ಅನುಮಾನಪಡುವ ಬಣ್ಣ ನಿಜದಲ್ಲಿ ಕಮ್ಮಿಯಾಗಿ ದಾಖಲಾಗಿರುತ್ತದೆ.

ಇದೆಲ್ಲ ನನ್ನ ಬಾಯಿಮಾತು ಎಂದುಕೊಳ್ಳುವವರಿಗಾಗಿ ಒಂದು ಪರೀಕ್ಷೆ ಇದೆ. ಎರಡು ಬೇರೆ ರಾತ್ರಿ ತೆಗೆದ ಚಿತ್ರಗಳನ್ನು ಬೇರೆ ಬೇರೆಯಾಗಿ ಕೂಡಿಸಿ ಪಕ್ಕಪಕ್ಕ ಇಡುತ್ತೇನೆ. ನೀಹಾರಿಕೆಯ ಅಂಚಿನಲ್ಲಿ ಕೂದಲೆಳೆಯಂಥ ಒಂದು ಮಸುಕು ಎಳೆ ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಬಾಗಿನಲ್ಲಿ ಕಂಡರೆ ಅದು ಆಕಾಶದ್ದು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದನ್ನು ಎತ್ತಿ ತೋರಿಸುವ ಹಕ್ಕು ನನಗಿಲ್ಲ. ಈಚೆಗೆ ಮಸುಕು ಚಿತ್ರಕ್ಕೆ ತಾವೇ ಊಹಿಸಿ ಸೂಕ್ಷ್ಮ ವಿವರ ತುಂಬುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ನೀಹಾರಿಕೆಯ ಚಿತ್ರಕ್ಕೆ ನಾನು ಅವನ್ನು ಮುಟ್ಟಿಸುವುದಿಲ್ಲ. ಊಹೆಯ ಎಳೆ ಎಷ್ಟೇ ಚೆಂದವಿದ್ದರೂ ಅದು 1,340 ಜ್ಯೋತಿರ್ವರ್ಷ ದಾಟಿ ಬಂದದ್ದಲ್ಲ.

ಹಬಲ್ ದೂರದರ್ಶಕದ ಚಿತ್ರಗಳ ಬಗ್ಗೆಯೂ ಕೇಳುತ್ತಾರೆ. 1995ರ 'ಸೃಷ್ಟಿಯ ಕಂಬಗಳು' ಚಿತ್ರದಲ್ಲಿ ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ಗಂಧಕ, ಹೈಡ್ರೋಜನ್ ಎರಡರ ಬೆಳಕೂ ಕೆಂಪೇ ಆದ್ದರಿಂದ ಬಿಡಿಸಿ ತೋರಿಸಲು ಮಾಡಿದ ಏರ್ಪಾಡು ಅದು. ಯಾವ ಬಣ್ಣ ಯಾವ ಧಾತುವಿನದೆಂದು ಜೊತೆಗೇ ಬರೆದಿದ್ದರೆ ಅದು ನಕಾಶೆಯಷ್ಟೇ ಪ್ರಾಮಾಣಿಕ. ಬರೆಯದೆ ಹಂಚುವವರ ಮೇಲೆ ಮಾತ್ರ ನನ್ನ ಆಕ್ಷೇಪ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ಈ ವಿದ್ಯೆ ಬೆಳೆದದ್ದೇ ಹವ್ಯಾಸಿಗಳಿಂದ. ನೀಹಾರಿಕೆಯ ಮೊದಲ ಛಾಯಾಚಿತ್ರ ಇದೇ ಎಂ 42ರದ್ದು. 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ಬಳಿಯ ತಮ್ಮ ಖಾಸಗಿ ವೀಕ್ಷಣಾಲಯದಿಂದ ಹೆನ್ರಿ ಡ್ರೇಪರ್ 51 ನಿಮಿಷ ಬೆಳಕು ಹಿಡಿದು ತೆಗೆದರು. ಅವರು ಓದಿದ್ದು ವೈದ್ಯಕೀಯ. ಮೂರು ವರ್ಷದ ನಂತರ ಎಂಜಿನಿಯರ್ ಆಂಡ್ರ್ಯೂ ಕಾಮನ್ ಲಂಡನ್ ಬಳಿಯ ತಮ್ಮ ಮನೆಯ ತೋಟದಿಂದ ತೆಗೆದ ಚಿತ್ರದಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಮೂಡಿದ್ದವು. ಕ್ಯಾಮೆರಾ ಕಣ್ಣನ್ನು ಮೀರಿಸಿತ್ತು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಎಲ್ಲರೂ ತೆಗೆದು ತೆಗೆದು ಸವೆದ ಆಂಡ್ರೊಮಿಡಾ ಗ್ಯಾಲಕ್ಸಿಯ ಪಕ್ಕದಲ್ಲೇ ಆಮ್ಲಜನಕದ ದೊಡ್ಡದೊಂದು ಕಮಾನು ಇರುವುದನ್ನು 2022ರಲ್ಲಿ ಡ್ರೆಕ್ಸ್ಲರ್, ಸ್ಟ್ರಾಟ್ನರ್, ಸೈಂಟಿ ಎಂಬ ಮೂವರು ಹವ್ಯಾಸಿಗಳು ಕಂಡುಹಿಡಿದರು. ನೂರು ಗಂಟೆಗೂ ಮೀರಿ ಬೆಳಕು ಕೂಡಿಹಾಕಿದ್ದರು. ಅವರು ತಮ್ಮ ಚಿತ್ರಕ್ಕೆ ಇಲ್ಲದ್ದನ್ನು ಸೇರಿಸುವವರಾಗಿದ್ದರೆ ಆ ಕಮಾನನ್ನು ಯಾರು ನಂಬುತ್ತಿದ್ದರು?

ಶುರುಮಾಡಲು ಟ್ರ್ಯಾಕರ್ ಕೂಡ ಬೇಕಿಲ್ಲ. ಟ್ರೈಪಾಡು, 50 ಎಂಎಂ ಲೆನ್ಸು ಇದ್ದರೆ ಸಾಕು. ಐಎಸ್‌ಒ 1600, ಐದು ಸೆಕೆಂಡು, ರಾ ಫೈಲಿನಲ್ಲಿ ನೂರು ಚಿತ್ರ, ಮುಚ್ಚಳ ಹಾಕಿ ಇಪ್ಪತ್ತು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಯಾವುದಾದರೂ ಅಮಾವಾಸ್ಯೆಯ ಆಸುಪಾಸು, ಊರಿನ ದೀಪದಿಂದ ಆದಷ್ಟು ದೂರ ಹೋಗಿ. ಚಿತ್ರ ಚೆನ್ನಾಗಿ ಬಂದರೆ ಹಂಚಿಕೊಳ್ಳಿ. ಅದರ ಅಡಿಯಲ್ಲಿ ಎಷ್ಟು ಹೊತ್ತಿನ ಬೆಳಕು, ಯಾವ ಲೆನ್ಸು, ಏನೇನು ತಿದ್ದಿದ್ದೀರಿ ಎಂದು ಬರೆಯಿರಿ. ಮೂಲ ರಾ ಫೈಲುಗಳನ್ನು ಮಾತ್ರ ಅಳಿಸಬೇಡಿ. ಯಾರಾದರೂ ಕೇಳಿದರೆ ತೋರಿಸಲು ಅವೇ ಬೇಕಾಗುತ್ತವೆ.