ಆಟದ ಸರ್ವರಿನ ನಾಡಿ

ಊರ ಬಯಲಿನಲ್ಲಿ ಕಬಡ್ಡಿ ನಡೆಯುತ್ತಿದೆ. ಎದುರು ಪಕ್ಷದ ಅಂಕಣಕ್ಕೆ ನುಗ್ಗಿದ ಆಟಗಾರನು ಒಬ್ಬನನ್ನು ಮುಟ್ಟಿದೆನೆನ್ನುತ್ತಾನೆ. ಆತನೋ, ತನ್ನನ್ನು ಮುಟ್ಟಲೇ ಇಲ್ಲವೆನ್ನುತ್ತಾನೆ. ನೋಡುವವರಲ್ಲಿ ಅರ್ಧ ಜನ ಒಂದು ಕಡೆ, ಇನ್ನರ್ಧ ಜನ ಮತ್ತೊಂದು ಕಡೆ. ತೀರ್ಪುಗಾರನೊಬ್ಬನಿಲ್ಲದಿದ್ದರೆ ಆಟವು ಅಲ್ಲಿಗೇ ಮುಗಿದು ಜಗಳವು ಮೊದಲಾಗುವುದು. ಹಗಲ ಬೆಳಕಿನಲ್ಲಿ, ಹತ್ತಾರು ಕಣ್ಣುಗಳೆದುರಿಗೆ ನಡೆಯುವ ಆಟದ ಪಾಡೇ ಹೀಗಾದರೆ, ಬೇರೆ ಬೇರೆ ಊರುಗಳಲ್ಲಿ ತಮ್ಮ ತಮ್ಮ ಕಂಪ್ಯೂಟರುಗಳ ಮುಂದೆ ಕುಳಿತು ಒಂದೇ ಆಟವನ್ನಾಡುವವರ ಗತಿಯೇನು? ಯಾರು ಯಾರನ್ನು ಮೊದಲು ಮುಟ್ಟಿದರೆಂದು ಹೇಳುವವರಾರು?

ಹೇಳುವುದು ಇನ್ನೊಂದು ಕಂಪ್ಯೂಟರು. ಅದಕ್ಕೆ ಸರ್ವರ್ ಎಂದು ಹೆಸರು. ಆಟಗಾರರ ಕಣ್ಣಿಗೆ ಕಾಣದಂತೆ ಎಲ್ಲಿಯೋ ಒಂದು ಕೋಣೆಯಲ್ಲಿದ್ದು, ಎಲ್ಲರ ಚಲನೆಗಳನ್ನೂ ಕೇಳಿಕೊಂಡು, ಆಟದ ಲೋಕದಲ್ಲಿ ನಿಜವಾಗಿ ನಡೆದುದೇನೆಂಬುದನ್ನು ತೀರ್ಮಾನಿಸಿ ಎಲ್ಲರಿಗೂ ತಿಳಿಸುವುದು ಅದರ ಕೆಲಸ. ಈ ತೀರ್ಪುಗಾರನಿಗೆ ಕಾಯಿಲೆಯಾದಾಗ ಅದರ ಮೂಲವನ್ನು ಕಂಡುಹಿಡಿಯುವ ಬಗೆಯನ್ನು ಈ ಲೇಖನದಲ್ಲಿ ನೋಡೋಣ. ಆಟದಲ್ಲಿ ಆಸಕ್ತಿಯಿಲ್ಲದವರಿಗೂ ಇದರಲ್ಲಿ ಕಲಿಯತಕ್ಕದ್ದಿದೆ.

ಒಂದೇ ಸತ್ಯ, ಒಂದೇ ಕಾಲ

ಹಲವರು ಕೂಡಿ ಆಡುವ ಕಂಪ್ಯೂಟರ್ ಆಟಗಳು ಹೊಸವೇನಲ್ಲ. ೧೯೭೮ರಲ್ಲಿಯೇ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಬರೆದ ‘ಮಡ್’ ಎಂಬ ಆಟದಲ್ಲಿ ಹಲವರು ಒಂದೇ ಕಾಲ್ಪನಿಕ ಲೋಕವನ್ನು ಹೊಕ್ಕು ಸಂಚರಿಸಬಹುದಾಗಿತ್ತು. ೧೯೯೩ರಲ್ಲಿ ಬಂದ ‘ಡೂಮ್’ ಆಟದಲ್ಲಿ ತೀರ್ಪುಗಾರನೇ ಇರಲಿಲ್ಲ. ನಾಲ್ವರ ಕಂಪ್ಯೂಟರುಗಳೂ ಒಂದರ ಸುದ್ದಿಗಾಗಿ ಇನ್ನೊಂದು ಕಾದು, ಹೆಜ್ಜೆಗೆ ಹೆಜ್ಜೆ ಸೇರಿಸಿ ಮುಂದುವರಿಯುತ್ತಿದ್ದುವು. ಒಂದು ಕಂಪ್ಯೂಟರು ಕುಂಟಿದರೆ ಉಳಿದ ಮೂರೂ ಕುಂಟಬೇಕಾಗುತ್ತಿತ್ತು. ೧೯೯೬ರ ‘ಕ್ವೇಕ್’ ಆಟವು ಈ ಕ್ರಮವನ್ನು ಬಿಟ್ಟು, ಲೋಕದ ಲೆಕ್ಕವನ್ನೆಲ್ಲ ಒಂದೇ ಸರ್ವರಿಗೆ ಒಪ್ಪಿಸಿತು. ಅದೇ ವರ್ಷದ ಕೊನೆಯಲ್ಲಿ ಬಂದ ‘ಕ್ವೇಕ್‌ವರ್ಲ್ಡ್’, ಸರ್ವರಿನ ಉತ್ತರ ಬರುವವರೆಗೆ ಕಾಯದೆ, ಆಟಗಾರನ ಹೆಜ್ಜೆಯನ್ನು ಅವನ ಕಂಪ್ಯೂಟರೇ ಮುಂದಾಗಿ ಊಹಿಸಿ ತೋರಿಸುವಂತೆ ಮಾಡಿತು. ಆದರೆ ಊಹೆಯು ತಪ್ಪಿದಲ್ಲಿ ಸರ್ವರಿನ ಮಾತೇ ಕೊನೆಯ ಮಾತು. ಇಂದಿನ ಬಹುಪಾಲು ಆಟಗಳು ಈ ತತ್ತ್ವವನ್ನೇ ಅನುಸರಿಸುತ್ತವೆ.

ಇಂತಹ ಸರ್ವರುಗಳಿಗೆ ಬಹುಮಟ್ಟಿಗೆ ಆಶ್ರಯ ಕೊಟ್ಟಿರುವುದು ಲಿನಕ್ಸ್. ೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಇದರ ತಿರುಳಾದ ‘ಕರ್ನೆಲ್’ ಅನ್ನು ಬರೆದು ಲೋಕದ ಮುಂದಿಟ್ಟನು. ಇದನ್ನು ಹಣಕೊಟ್ಟು ಕೊಳ್ಳಬೇಕಾಗಿಲ್ಲ. ಬಣ್ಣದ ತೆರೆಗಳ ಆಡಂಬರವಿಲ್ಲದೆ, ಬರಿಯ ಅಕ್ಷರಗಳ ಆಜ್ಞೆಗಳಿಂದಲೇ ಇದನ್ನು ನಡೆಸಬಹುದಾದ್ದರಿಂದ ಹಳೆಯ ಕಂಪ್ಯೂಟರಿನ ಅಲ್ಪಶಕ್ತಿಯೂ ಆಟಕ್ಕೇ ಒದಗುವುದು. ಎಲ್ಲಕ್ಕಿಂತ ಮಿಗಿಲಾಗಿ, ಲಿನಕ್ಸ್ ತಾನು ಮಾಡಿದುದನ್ನೂ ಕಂಡುದನ್ನೂ ಬರೆದಿಡುತ್ತದೆ. ಈ ಗುಣದ ಬೆಲೆ ಮುಂದೆ ತಿಳಿಯುವುದು.

ನಿಮಿಷಕ್ಕೆ ೧,೨೦೦ ಬಡಿತ

ನಿದರ್ಶನಕ್ಕಾಗಿ ಅನೇಕ ವಾಚಕರು ಬಲ್ಲ ‘ಮೈನ್‌ಕ್ರಾಫ್ಟ್’ ಆಟವನ್ನು ತೆಗೆದುಕೊಳ್ಳೋಣ. ಆಟದ ಲೋಕವು ನಮ್ಮ ಲೋಕದಂತೆ ಎಡೆಬಿಡದೆ ಹರಿಯುವುದಿಲ್ಲ. ಸಿನಿಮಾದ ಚಿತ್ರಗಳಂತೆ ತುಂಡುತುಂಡಾಗಿ ಮುಂದುವರಿಯುತ್ತದೆ. ಈ ತುಂಡಿಗೆ ‘ಟಿಕ್’ ಎಂದು ಹೆಸರು. ಮೈನ್‌ಕ್ರಾಫ್ಟ್ ಸರ್ವರಿನ ನಾಡಿಯು ಸೆಕೆಂಡಿಗೆ ೨೦ ಸಲ ಮಿಡಿಯಬೇಕು; ಅಂದರೆ ಒಂದೊಂದು ಟಿಕ್ಕಿಗೆ ೫೦ ಮಿಲಿಸೆಕೆಂಡುಗಳ ಅವಕಾಶ. ಆ ಅಲ್ಪಕಾಲದಲ್ಲಿ ಸರ್ವರು ಪ್ರತಿಯೊಬ್ಬ ಆಟಗಾರನ ಚಲನೆ, ಪ್ರತಿಯೊಂದು ಪ್ರಾಣಿಯ ಹೆಜ್ಜೆ, ಹರಿಯುವ ನೀರು, ಬೆಳೆಯುವ ಪೈರು, ಎಲ್ಲವನ್ನೂ ಲೆಕ್ಕಹಾಕಿ ಮುಗಿಸಬೇಕು.

ಮುಗಿಸಲಾಗದಿದ್ದರೆ? ಆಟದ ಒಂದು ದಿನವೆಂದರೆ ೨೪,೦೦೦ ಟಿಕ್ಕುಗಳು. ಸರಿಯಾದ ನಾಡಿಯಲ್ಲಿ ಇದು ೨೦ ನಿಮಿಷ. ಒಂದೊಂದು ಟಿಕ್ಕಿಗೂ ೧೦೦ ಮಿಲಿಸೆಕೆಂಡು ಹಿಡಿದರೆ ಆಟದ ಸೂರ್ಯನೇ ನಿಧಾನವಾಗಿ, ದಿನವು ೪೦ ನಿಮಿಷವಾದೀತು! ಒಡೆದ ಕಲ್ಲು ಮತ್ತೆ ಪ್ರತ್ಯಕ್ಷವಾಗುವುದು. ಹಸುಗಳು ತಡೆತಡೆದು ನಡೆಯುವುವು. ಬಹಳ ಹಿಂದೆ ಬಿದ್ದಾಗ, ಕೆಲಸವನ್ನು ಸರಿದೂಗಿಸಲಾಗುತ್ತಿಲ್ಲವೆಂದು ಸರ್ವರು ತಾನೇ ಬರೆದು ತಿಳಿಸುವುದು.

ಇಲ್ಲಿ ಹೆಚ್ಚು ಪ್ರೊಸೆಸರುಗಳಿದ್ದರೆ ಸಾಕೆಂದು ತಿಳಿಯುವುದು ತಪ್ಪು. ಈ ಆಟದ ಮುಖ್ಯ ಲೆಕ್ಕವು ಬಹುಪಾಲು ಒಂದೇ ಸಾಲಿನಲ್ಲಿ ಒಂದಾದ ಮೇಲೊಂದರಂತೆ ನಡೆಯುವುದರಿಂದ, ಎಂಟು ಮಂದಿ ಸಾಮಾನ್ಯ ಆಳುಗಳಿಗಿಂತ ಒಬ್ಬ ಚುರುಕಾದ ಆಳು ಮೇಲು. ಹೊರೆಯನ್ನು ಇಳಿಸುವುದು ಇನ್ನೂ ಸುಲಭ. ಲೋಕವು ೧೬ ಅಡ್ಡ, ೧೬ ಉದ್ದದ ತುಣುಕುಗಳಾಗಿ ವಿಂಗಡವಾಗಿದೆ. ಆಟಗಾರನ ಸುತ್ತ ಹತ್ತು ತುಣುಕುಗಳ ದೂರದ ಚೌಕವನ್ನು ಎಣಿಸಿದರೆ ೨೧ರ ವರ್ಗ, ಅಂದರೆ ೪೪೧ ತುಣುಕುಗಳು. ದೂರವನ್ನು ಆರಕ್ಕೆ ಇಳಿಸಿದರೆ ೧೩ರ ವರ್ಗ, ಅಂದರೆ ೧೬೯ ಮಾತ್ರ. ಒಂದು ಅಂಕೆಯನ್ನು ಬದಲಿಸಿದ ಮಾತ್ರಕ್ಕೆ ಅರ್ಧಕ್ಕಿಂತ ಹೆಚ್ಚು ಹೊರೆ ಕಳೆಯಿತಲ್ಲವೆ?

ಒಬ್ಬನಿಗೋ, ಎಲ್ಲರಿಗೋ?

ಆದರೆ ನಿಧಾನವೆಲ್ಲವೂ ಸರ್ವರಿನ ದೋಷವಲ್ಲ. ಗಾಜಿನ ಎಳೆಯಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು ೨,೦೦,೦೦೦ ಕಿಲೋಮೀಟರು. ಸರ್ವರು ೬,೦೦೦ ಕಿಲೋಮೀಟರು ದೂರದಲ್ಲಿದ್ದರೆ, ನೇರವಾದ ದಾರಿಯಲ್ಲಿಯೂ ಸುದ್ದಿಯು ಹೋಗಿಬರಲು ೬೦ ಮಿಲಿಸೆಕೆಂಡು ಬೇಕು. ಎಷ್ಟು ಹಣ ಸುರಿದರೂ ಪ್ರಕೃತಿಯು ಇದರಲ್ಲಿ ರಿಯಾಯಿತಿ ಕೊಡದು.

ಆದುದರಿಂದ ಜಾಣ ವೈದ್ಯನಂತೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ತೊಂದರೆಯು ಒಬ್ಬನಿಗೋ, ಎಲ್ಲರಿಗೋ? ಒಬ್ಬನಿಗೆ ಮಾತ್ರವಾದರೆ ದೋಷವು ಅವನ ಕಂಪ್ಯೂಟರಿನಲ್ಲಿಯೋ ಅವನ ದಾರಿಯಲ್ಲಿಯೋ ಇರುವ ಸಂಭವ ಹೆಚ್ಚು. ‘ಪಿಂಗ್’ ಎಂಬ ಆಜ್ಞೆಯಿಂದ ಸುದ್ದಿ ಹೋಗಿಬರುವ ಕಾಲವನ್ನು ಅಳೆದು ನೋಡಬೇಕು. ಎಲ್ಲರಿಗೂ ಒಮ್ಮೆಗೇ ಆದರೆ ಸರ್ವರನ್ನೇ ಮೊದಲು ಪರೀಕ್ಷಿಸಬೇಕು. ಅಲ್ಲಿ ‘ಟಾಪ್’ ಎಂಬ ಆಜ್ಞೆಯು ಪ್ರೊಸೆಸರಿನ ದುಡಿಮೆಯನ್ನೂ, ‘ಫ್ರೀ’ ಎಂಬುದು ಉಳಿದ ಸ್ಮೃತಿಯನ್ನೂ, ‘ಡಿಎಫ್’ ಎಂಬುದು ಡಿಸ್ಕಿನಲ್ಲುಳಿದ ಸ್ಥಳವನ್ನೂ ತೋರಿಸುವುವು. ಇವುಗಳೇ ಈ ವೈದ್ಯನ ಸ್ಟೆತಾಸ್ಕೋಪು ಮತ್ತು ಥರ್ಮಾಮೀಟರು.

ಎರಡು ದಿನಚರಿಗಳು

ಈಗ ಒಂದು ಸಂದರ್ಭವನ್ನು ಊಹಿಸೋಣ. ಕೆಲವು ವಿದ್ಯಾರ್ಥಿಗಳು ೪ ಗಿಗಾಬೈಟು ಸ್ಮೃತಿಯುಳ್ಳ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸನ್ನು ಹಾಕಿ ಸರ್ವರು ನಡೆಸುತ್ತಿದ್ದಾರೆ. ಆರು ತಿಂಗಳಿಂದ ಎಲ್ಲರೂ ಸೇರಿ ಅದರಲ್ಲಿ ಒಂದು ನಗರವನ್ನೇ ಕಟ್ಟಿದ್ದಾರೆ. ಇತ್ತೀಚೆಗೆ ದಿನವೂ ರಾತ್ರಿ ಎಂಟರ ಸುಮಾರಿಗೆ, ಆರನೆಯವನು ಬಂದು ಸೇರಿದ ಸ್ವಲ್ಪ ಹೊತ್ತಿನಲ್ಲಿ, ಸರ್ವರು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಕಡೆಯ ಸಲ ಡಿಸ್ಕಿಗೆ ಬರೆದ ಮೇಲೆ ಕಟ್ಟಿದುದೆಲ್ಲವೂ ನಷ್ಟ. ಒಬ್ಬನು ಇಂಟರ್ನೆಟ್ಟನ್ನು ದೂರುತ್ತಾನೆ. ಮತ್ತೊಬ್ಬನು ಆಟದ ಹೊಸ ಆವೃತ್ತಿಯನ್ನು. ಮೂರನೆಯವನಿಗೆ ಆರನೆಯ ಆಟಗಾರನ ಮೇಲೆಯೇ ಸಂಶಯ! ಸ್ನೇಹವು ಮುರಿಯಲು ಇನ್ನೇನು ಬೇಕು?

ಈಗ ಸಾಕ್ಷ್ಯವನ್ನು ನೋಡೋಣ. ಆಟದ ಪ್ರೋಗ್ರಾಂ ‘ಲಾಗ್’ ಎಂಬ ದಿನಚರಿಯನ್ನು ಬರೆಯುತ್ತಿರುತ್ತದೆ. ಕ್ರಮವಾಗಿ ನಿಲ್ಲಿಸಿದಾಗ ಲೋಕವನ್ನು ಉಳಿಸಿದೆನೆಂದು ಅದರಲ್ಲಿ ಬರೆಯುತ್ತದೆ. ತನ್ನೊಳಗೇ ದೋಷ ಕಂಡರೆ ಸಾಮಾನ್ಯವಾಗಿ ಅದನ್ನೂ ಬರೆಯುತ್ತದೆ. ಇಲ್ಲಿ ಎರಡೂ ಇಲ್ಲ. ಆರನೆಯವನು ಬಂದನೆಂದು ಬರೆದು, ದಿನಚರಿಯು ಥಟ್ಟನೆ ಮುಗಿದಿದೆ. ಈ ಮೌನವೇ ಒಂದು ಸುಳಿವು. ಬರೆಯಲು ಸಮಯವೇ ಸಿಕ್ಕದಂತೆ ಯಾರೋ ಅದನ್ನು ಕೊಂದಿರಬೇಕು.

ಆಗ ಎರಡನೆಯ ದಿನಚರಿಯನ್ನು, ಎಂದರೆ ಕರ್ನೆಲಿನದನ್ನು, ‘ಜರ್ನಲ್‌ಸಿಟಿಎಲ್’ ಎಂಬ ಆಜ್ಞೆಯಿಂದ ತೆರೆಯಬೇಕು. ಅಲ್ಲಿ ಅದೇ ನಿಮಿಷದಲ್ಲಿ, ಸ್ಮೃತಿಯು ಮುಗಿದುದರಿಂದ ಜಾವಾ ಎಂಬ ಪ್ರೋಗ್ರಾಂ ಅನ್ನು ಕೊಂದೆನೆಂಬ ಸಾಲು ಸ್ಪಷ್ಟವಾಗಿ ಕಾಣುವುದು. ಕೊಂದವನು ಕರ್ನೆಲೇ!

ಇದೇಕೆ ಹೀಗೆ? ಠೇವಣಿದಾರರೆಲ್ಲರೂ ಒಂದೇ ದಿನ ಹಣ ಕೇಳಲು ಬರುವುದಿಲ್ಲವೆಂಬ ಧೈರ್ಯದಿಂದ ಬ್ಯಾಂಕು ಸಾಲ ಕೊಡುವಂತೆ, ಲಿನಕ್ಸು ಸಹ ತನ್ನಲ್ಲಿರುವುದಕ್ಕಿಂತ ಹೆಚ್ಚು ಸ್ಮೃತಿಯನ್ನು ಕೊಡುವೆನೆಂದು ಪ್ರೋಗ್ರಾಂಗಳಿಗೆ ಮಾತು ಕೊಡುತ್ತದೆ. ಎಲ್ಲರೂ ಒಮ್ಮೆಗೇ ಕೇಳಿದಾಗ ಮಾತು ನಡೆಸಲಾಗದೆ, ಸಾಮಾನ್ಯವಾಗಿ ಅತಿ ಹೆಚ್ಚು ಸ್ಮೃತಿಯನ್ನು ತಿನ್ನುತ್ತಿರುವ ಪ್ರೋಗ್ರಾಂ ಅನ್ನು ಆರಿಸಿ ಕೊಂದು, ಉಳಿದುದನ್ನು ಕಾಪಾಡುತ್ತದೆ. ಆಗ ಅದು ಕಳುಹಿಸುವ ಒಂಬತ್ತನೆಯ ಸಂಜ್ಞೆಯನ್ನು ಯಾವ ಪ್ರೋಗ್ರಾಮೂ ತಡೆಯಲಾರದು. ನಮ್ಮ ವಿದ್ಯಾರ್ಥಿಗಳು, ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂದು ತಿಳಿದು, ಇದ್ದ ೪ ಗಿಗಾಬೈಟನ್ನೂ ಜಾವಾಕ್ಕೆ ಬರೆದುಕೊಟ್ಟಿದ್ದರು. ಆದರೆ ಆ ಅಂಕೆಯು ಆಟದ ವಸ್ತುಗಳನ್ನಿಡುವ ಕಣಜಕ್ಕೆ ಮಾತ್ರ ಸಂಬಂಧಿಸಿದ್ದು. ಜಾವಾದ ಸ್ವಂತ ಖರ್ಚೂ ಲಿನಕ್ಸಿನ ಖರ್ಚೂ ಅದರ ಹೊರಗಿನವು. ಕಣಜವನ್ನು ಎರಡೂವರೆ ಗಿಗಾಬೈಟಿಗೆ ಇಳಿಸಿ ನೋಡಬೇಕು. ಹೆಚ್ಚು ಕೊಟ್ಟುದರಿಂದ ಬಂದ ರೋಗವು ಕಡಿಮೆ ಕೊಡುವುದರಿಂದ ವಾಸಿಯಾಗುವುದು! ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೆಲವು ಸಂಜೆ ಕಾದು ನೋಡುವುದು ಮಾತ್ರ ಅಗತ್ಯ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣಪಡಿಸಿದ ಮದ್ದು ಯಾವುದೆಂಬುದು ಎಂದಿಗೂ ತಿಳಿಯದು.

ಬಾಗಿಲು ಮತ್ತು ಬೀಗ

ಇನ್ನೆರಡು ಸಾಮಾನ್ಯ ತೊಂದರೆಗಳಿವೆ. ಮೊದಲನೆಯದು, ಸರ್ವರು ನಡೆಯುತ್ತಿದ್ದರೂ ಹೊರಗಿನವರು ಒಳಕ್ಕೆ ಬರಲಾಗದಿರುವುದು. ಮೈನ್‌ಕ್ರಾಫ್ಟಿನ ಬಾಗಿಲು ವಾಡಿಕೆಯಂತೆ ೨೫೫೬೫ನೆಯ ಪೋರ್ಟು. ಅದೇ ಕಂಪ್ಯೂಟರಿನಿಂದ, ಅನಂತರ ಅದೇ ಮನೆಯ ಬೇರೊಂದರಿಂದ, ಕೊನೆಗೆ ಹೊರಗಿನಿಂದ, ಹೀಗೆ ಕ್ರಮವಾಗಿ ಪ್ರಯತ್ನಿಸಿದರೆ ಮುಚ್ಚಿದ ಬಾಗಿಲು ಸರ್ವರಿನದೋ, ಮನೆಯ ರೌಟರಿನದೋ ಎಂಬುದು ತಿಳಿಯುವುದು. ಎರಡನೆಯದು, ದೂರದಿಂದ ಸರ್ವರನ್ನು ಹೊರಡಿಸಿದವನು ತನ್ನ ಕಿಟಕಿಯನ್ನು ಮುಚ್ಚಿದೊಡನೆ ಆಟವೂ ನಿಲ್ಲುವುದು. ಸಂಪರ್ಕವು ಕಡಿದಾಗ ಲಿನಕ್ಸು ಕಳುಹಿಸುವ ‘ಹ್ಯಾಂಗಪ್’ ಸಂಜ್ಞೆಯೇ ಇದಕ್ಕೆ ಕಾರಣ. ಟೆಲಿಫೋನನ್ನು ಕೆಳಗಿಡುವ ಕಾಲದ ಹೆಸರು ಅದು. ಸರ್ವರನ್ನು ‘ಸಿಸ್ಟಂಡಿ’ ಎಂಬ ಮೇಲ್ವಿಚಾರಕನಿಗೆ ಒಪ್ಪಿಸಿದರೆ ಈ ತೊಂದರೆಯಿಲ್ಲ.

ಬಾಗಿಲು ತೆರೆದಮೇಲೆ ಬೀಗದ ಚಿಂತೆಯೂ ಬೇಕು. ೨೦೨೧ರ ಡಿಸೆಂಬರಿನಲ್ಲಿ, ಮೈನ್‌ಕ್ರಾಫ್ಟ್ ದಿನಚರಿ ಬರೆಯಲು ಬಳಸುತ್ತಿದ್ದ ‘ಲಾಗ್‌ಫೋರ್‌ಜೆ’ ಎಂಬ ಸಾಧನದಲ್ಲಿಯೇ ಒಂದು ಭಯಂಕರ ಬಿರುಕು ಬಯಲಾಯಿತು. ಆಟಗಾರನೊಬ್ಬನು ಹರಟೆಯಲ್ಲಿ ಒಂದು ವಿಶಿಷ್ಟವಾದ ಸಾಲನ್ನು ಬರೆದರೆ, ಅದನ್ನು ದಿನಚರಿಗೆ ಏರಿಸುವ ಭರದಲ್ಲಿ ಸರ್ವರು ಹೊರಗಿನ ಪ್ರೋಗ್ರಾಂ ಅನ್ನು ತಂದು ನಡೆಸಿಬಿಡಬಹುದಾಗಿತ್ತು! ಆಟವನ್ನು ಸರ್ವಾಧಿಕಾರಿಯಾದ ‘ರೂಟ್’ ಹೆಸರಿನಲ್ಲಿ ನಡೆಸುತ್ತಿದ್ದವರ ಇಡೀ ಕಂಪ್ಯೂಟರೇ ಪರರ ಕೈಸೇರುವ ಅಪಾಯವಿತ್ತು. ಆದುದರಿಂದ ಆಟಕ್ಕೆ ಅಲ್ಪಾಧಿಕಾರದ ಬೇರೆಯ ಹೆಸರನ್ನು ಕೊಡುವುದೂ, ಪ್ರೋಗ್ರಾಂಗಳನ್ನು ಕಾಲಕಾಲಕ್ಕೆ ನವೀಕರಿಸುವುದೂ ಅವಶ್ಯಕ.

ಕಡೆಯದಾಗಿ, ಪ್ರತಿಯನ್ನಿಡದ ಲೋಕವು ಮರಳಿನ ಮೇಲಿನ ಮನೆ. ‘ಸೇವ್-ಆಫ್’ ಆಜ್ಞೆಯಿಂದ ತಾನಾಗಿ ಬರೆಯುವುದನ್ನು ತಡೆದು, ‘ಸೇವ್-ಆಲ್’ ಆಜ್ಞೆಯಿಂದ ಇದ್ದುದನ್ನೆಲ್ಲ ಡಿಸ್ಕಿಗೆ ಇಳಿಸಿ, ಬೇರೊಂದು ಡಿಸ್ಕಿಗೆ ನಕಲು ಮಾಡಿ, ‘ಸೇವ್-ಆನ್’ ಎಂದು ಮತ್ತೆ ಬಿಡಬೇಕು. ಆ ಪ್ರತಿಯಿಂದ ಲೋಕವು ನಿಜವಾಗಿ ಎದ್ದುಬರುವುದೇ ಎಂದೂ ಒಮ್ಮೆ ಪರೀಕ್ಷಿಸತಕ್ಕದ್ದು.

ಲಕ್ಷಣವನ್ನು ಗಮನಿಸುವುದು, ಅಳೆಯುವುದು, ಒಂದು ಕಾರಣವನ್ನು ಊಹಿಸುವುದು, ಒಂದನ್ನೇ ಬದಲಿಸಿ ಆ ಊಹೆಯನ್ನು ಒರೆಗೆ ಹಚ್ಚುವುದು: ಪ್ರಯೋಗಶಾಲೆಯಲ್ಲಿ ವಿಜ್ಞಾನಿಯು ನಡೆಯುವ ದಾರಿಯೂ ಇದೇ ಅಲ್ಲವೆ? ಹಳೆಯದೊಂದು ಕಂಪ್ಯೂಟರೂ ನಾಲ್ವರು ಗೆಳೆಯರೂ ಇದ್ದರೆ ಆ ದಾರಿಯನ್ನು ಮನೆಯಲ್ಲಿಯೇ ಹಿಡಿಯಬಹುದು. ಆರನೆಯ ಆಟಗಾರನ ಮೇಲಿನ ಸಂಶಯವನ್ನು ಕಳೆದುದು ವಾದವಲ್ಲ, ಕರ್ನೆಲಿನ ದಿನಚರಿಯ ಒಂದು ಸಾಲು. ದೂರುವ ಮೊದಲು ಓದಿ ನೋಡುವ ಅಭ್ಯಾಸವು ಆಟದ ಬಯಲಿನ ಹೊರಗೂ ಉಪಯೋಗಕ್ಕೆ ಬರುವುದು.